ಕೆಲಸ ಹೋದಾಗ ಬಂದ ದುಡ್ಡು: ಇ-ಟೈಪ್ ಕೊಳ್ಳೋದಾ, ಮೈಸೂರಲ್ಲಿ ಸೈಟ್ ಕೊಳ್ಳೋದಾ?

ಹಳೇಗೇರು (ಬ್ರಿಸ್ಟಲ್)

ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

19 ವರ್ಷ ದುಡಿದ ಕಂಪನಿ ಮಾರ್ಚ್‌ನಲ್ಲಿ ನಮ್ಮ ಇಡೀ ವಿಭಾಗವನ್ನೇ ಮುಚ್ಚಿತು. ಕೈಗೆ ಒಂದು ಗಂಟು ಬಂದಿದೆ. ಬೇರೆ ಕೆಲಸವೂ ಸಿಕ್ಕಿದೆ. ಸಂಬಳ ಕಮ್ಮಿ, ಆದರೂ ಮನೆ ನಡೆಯುತ್ತದೆ. ಮನೆ ಸಾಲ ಇನ್ನೂ ಆರು ವರ್ಷ ಇದೆ.

ನನಗಿರುವ ಹುಚ್ಚು ಒಂದೇ, ಜಾಗ್ವಾರ್ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು ಇ-ಟೈಪ್. ಹಾಸನದಲ್ಲಿ ಹೈಸ್ಕೂಲು ಓದುವಾಗ ಯಾವುದೋ ಹಳೇ ಪತ್ರಿಕೆಯಲ್ಲಿ ಅದರ ಫೋಟೋ ಸಿಕ್ಕಿತ್ತು. ಗಣಿತದ ಪುಸ್ತಕಕ್ಕೆ ಅದನ್ನೇ ಬೈಂಡ್ ಹಾಕಿಕೊಂಡಿದ್ದೆ. ಈಗ ಇಲ್ಲಿಂದ ಒಂದೂವರೆ ಗಂಟೆ ದೂರದಲ್ಲಿ 1969ರ 4.2 ಲೀಟರ್ ಎಂಜಿನ್ನಿನ, ಎರಡೇ ಸೀಟಿನ ಕೂಪೆ ಒಂದು ಮಾರಾಟಕ್ಕಿದೆ. 58 ಸಾವಿರ ಪೌಂಡ್ ಹೇಳುತ್ತಿದ್ದಾರೆ. ನನ್ನ ಹೆಂಡತಿ ಹೇಳೋದು, "ಅಷ್ಟು ದುಡ್ಡಿಗೆ ಮೈಸೂರಲ್ಲಿ ಒಂದು ಸೈಟ್ ಬರುತ್ತೆ."

ಹಳೇ ಕಾರು ಮಾರುವವರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು: ಇವು ಚಿನ್ನ ಇದ್ದ ಹಾಗೆ, ಕಾಲ ಕೆಟ್ಟರೂ ಬೆಲೆ ಬೀಳುವುದಿಲ್ಲ. ನಿಜಾನಾ? ಇಟ್ಟುಕೊಂಡಿರುವವರು, ಮಾರಿದವರು, ಕೈಸುಟ್ಟುಕೊಂಡವರು ದಯವಿಟ್ಟು ಹೇಳಿ.

ಗೇರ್‌ಬಾಕ್ಸ್ ಗಿರಿ (ದಾವಣಗೆರೆ)

ಕಾರು ತಗೊಳ್ಳಿ ಗುರುಗಳೇ. ಸೈಟ್‌ನಲ್ಲಿ ಕೂತು ಕೀ ತಿರುಗಿಸೋಕೆ ಆಗಲ್ಲ.

ಲೆಕ್ಕದ ಪುಸ್ತಕ (ಲೀಡ್ಸ್)

ಮಾರುವವನೇ ಚಿನ್ನ ಅಂದರೆ ನಂಬಬೇಡಿ ಸಾರ್. 1989ರಲ್ಲೂ ಇದೇ ಮಾತು ಹೇಳಿದ್ದರು. ಆ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಅದರಲ್ಲೇ ಇದೆ.

1987ರ ಅಕ್ಟೋಬರ್ 19ಕ್ಕೆ ಷೇರು ಪೇಟೆ ಕುಸಿಯಿತು. ಸುಮಾರು ಒಂದು ತಿಂಗಳಿಗೆ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬುಗಾಟಿ ರಾಯಲ್ ಅನ್ನುವ ಹಳೇ ಕಾರೊಂದು 55 ಲಕ್ಷ ಪೌಂಡಿಗೆ ಹರಾಜಾಯಿತು. ಷೇರಿಗೆ ಹೆದರಿದವರೆಲ್ಲ "ಓಹೋ, ಕಾರು ಬೀಳಲ್ಲ" ಅಂದುಕೊಂಡರು. ಮರುವರ್ಷ ಆಗಸ್ಟ್‌ನಲ್ಲಿ ಫೆರಾರಿ ಕಂಪನಿ ಕಟ್ಟಿದ ಎಂಜೊ ಫೆರಾರಿ ತೀರಿಕೊಂಡರು. ಇನ್ನು ಅವರ ಕಾಲದ ಕಾರು ಬರುವುದಿಲ್ಲ ಅಂತ ಫೆರಾರಿ ಬೆಲೆ ಹಾರಿತು. ಆಗ ಜಪಾನಿನಲ್ಲಿ ದುಡ್ಡು ನೀರಿನ ಹಾಗೆ ಹರಿಯುತ್ತಿತ್ತು, ಅಲ್ಲಿಂದಲೂ ಕೊಳ್ಳುವವರು ಬಂದರು. ಫೆರಾರಿಯ "250 ಜಿಟಿಒ" ಅನ್ನುವ ಮಾದರಿ ತಯಾರಾದದ್ದೇ ಒಟ್ಟು 36, ಅದರ ಒಂದೊಂದು ಕಾರಿನ ಬೆಲೆ ಕೋಟಿ ಡಾಲರ್ ದಾಟಿತು. 1962ರಲ್ಲಿ ಅಮೆರಿಕದಲ್ಲಿ ಅದೇ ಕಾರು ಸುಮಾರು 18 ಸಾವಿರ ಡಾಲರ್.

ಇಲ್ಲಿವರೆಗೆ ಚಂದ. ಆದರೆ ಆ ಹೊತ್ತಿಗೆ ಕೊಳ್ಳುತ್ತಿದ್ದವರಲ್ಲಿ ಕಾರಿನ ಹುಚ್ಚಿನವರಿಗಿಂತ ಸಾಲ ಮಾಡಿ ಕೊಂಡು ಆರು ತಿಂಗಳಲ್ಲಿ ಮಾರಬೇಕು ಅನ್ನುವವರೇ ಜಾಸ್ತಿ ಆಗಿದ್ದರು. ಇಂಗ್ಲೆಂಡಿನಲ್ಲಿ ಬ್ಯಾಂಕ್ ಬಡ್ಡಿ 1989ರ ಅಕ್ಟೋಬರ್‌ನಲ್ಲಿ ಶೇ. 15ಕ್ಕೆ ಹೋಯಿತು. ಜಪಾನ್ ತನ್ನ ಬಡ್ಡಿಯನ್ನು ಶೇ. 2.5ರಿಂದ 1990ರ ಆಗಸ್ಟ್ ಹೊತ್ತಿಗೆ ಶೇ. 6ಕ್ಕೆ ಏರಿಸಿತು. ಕಾರು ಶೆಡ್ಡಿನಲ್ಲಿ ನಿಂತಿದೆ, ಬಡ್ಡಿ ಮಾತ್ರ ಓಡುತ್ತಿದೆ. ಎಲ್ಲರೂ ಒಟ್ಟಿಗೆ ಮಾರಲು ಹೊರಟರು. 1990ರ ದಶಕದ ಮಧ್ಯದ ಹೊತ್ತಿಗೆ ಅದೇ ಜಿಟಿಒಗೆ ಹಳೇ ಬೆಲೆಯ ಮೂರನೇ ಒಂದು ಪಾಲು ಸಿಗುವುದೂ ಕಷ್ಟವಾಯಿತು. ಇ-ಟೈಪ್ ಕೊಂಡವರ ಗೋಳಂತೂ ಬೇಡ.

ಕಾರ್ಬುರೇಟರ್ ಕಾಕಾ (ಕವೆಂಟ್ರಿ)

ಲೆಕ್ಕದವರು ಹೇಳಿದ್ದು ಸರಿ. ನಾನು 1984ರಲ್ಲಿ ಧಾರವಾಡದಿಂದ ಇಲ್ಲಿಗೆ ಬಂದವನು. ಇ-ಟೈಪ್ ಹುಟ್ಟಿದ ಬ್ರೌನ್ಸ್ ಲೇನ್ ಕಾರ್ಖಾನೆ ಇದ್ದದ್ದು ನಮ್ಮೂರಲ್ಲೇ. 2005ರಲ್ಲಿ ಅಲ್ಲಿ ಕಾರು ಜೋಡಿಸುವುದು ನಿಂತಿತು. ಆಮೇಲೆ ಆ ಕಡೆ ಹೋಗಲು ಮನಸ್ಸೇ ಬಂದಿಲ್ಲ.

ನಾನು ಜಾಗ್ವಾರ್‌ನದೇ ಇನ್ನೊಂದು ಕಾರು, ಎಕ್ಸ್‌ಜೆ 220 ಕಥೆ ಹೇಳುತ್ತೇನೆ. 1988ರ ಬರ್ಮಿಂಗ್‌ಹ್ಯಾಮ್ ಮೋಟರ್ ಶೋದಲ್ಲಿ ಅದನ್ನು ಕಣ್ಣಾರೆ ನೋಡಿದ್ದೆ. ಹನ್ನೆರಡು ಸಿಲಿಂಡರ್ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ, ಬೆಳ್ಳಿ ಬಣ್ಣ. ಜನ ಜಾತ್ರೆಯ ಹಾಗೆ ಮುತ್ತಿದ್ದರು. ಮುಂಗಡ 50 ಸಾವಿರ ಪೌಂಡ್ ಅಂದರೂ ಸಾವಿರಕ್ಕೂ ಹೆಚ್ಚು ಜನ ಚೆಕ್ ಹಿಡಿದು ನಿಂತರು. ಕಂಪನಿ ಮಾಡಬೇಕು ಅಂದುಕೊಂಡಿದ್ದು 350 ಕಾರು ಅಷ್ಟೇ. ಚೆಕ್ ಕೊಟ್ಟವರಲ್ಲಿ ಎಷ್ಟೋ ಜನಕ್ಕೆ ಕಾರೇ ಬೇಕಿರಲಿಲ್ಲ, ಆ ಸರದಿ ಚೀಟಿ ಮಾರಿ ಲಾಭ ಮಾಡುವ ಲೆಕ್ಕ.

1992ರಲ್ಲಿ ಕಾರು ಬಂತು. ಹನ್ನೆರಡು ಸಿಲಿಂಡರ್ ಹೋಗಿ ಆರಾಗಿತ್ತು, ಜೊತೆಗೆ ಎರಡು ಟರ್ಬೊ. ಶಕ್ತಿ ಹಿಂದಿನ ಚಕ್ರಕ್ಕೆ ಮಾತ್ರ. 2 ಲಕ್ಷ 90 ಸಾವಿರ ಅಂದಿದ್ದ ಬೆಲೆ, ಹಣದುಬ್ಬರಕ್ಕೆ ತಕ್ಕಂತೆ ಏರುವ ಕರಾರು ಇದ್ದದ್ದರಿಂದ, 4 ಲಕ್ಷ ದಾಟಿತ್ತು. ಅಷ್ಟರಲ್ಲಿ ಪೇಟೆ ಮಲಗಿತ್ತು. ಮುಂಗಡ ಕೊಟ್ಟವರು ಕಾರು ಬೇಡ ಅಂತ ಕೋರ್ಟಿಗೆ ಹೋದರು. ಇನ್ನು ಕೆಲವರು ಕರಾರಿನಿಂದ ಬಿಡಿಸಿಕೊಳ್ಳಲು ಮತ್ತೆ ದುಡ್ಡು ಕಟ್ಟಿದರು. ಕೊನೆಗೆ ತಯಾರಾದದ್ದು 300ಕ್ಕೂ ಕಡಿಮೆ.

ತಮಾಷೆ ಏನಪ್ಪಾ ಅಂದರೆ ಕಾರು ನಿಜಕ್ಕೂ ಅದ್ಭುತ. ಗಂಟೆಗೆ 340 ಕಿಲೋಮೀಟರ್ ಹತ್ತಿರ ಓಡಿತ್ತು. ಆದರೂ ಈಗ ಹರಾಜಿಗೆ ಬಂದರೆ ಸಿಗುವುದು ಹೆಚ್ಚುಕಡಿಮೆ ಅವತ್ತಿನ ಪಟ್ಟಿ ಬೆಲೆಯೇ. 30 ವರ್ಷದ ಹಣದುಬ್ಬರವನ್ನು ಯಾರ ತಲೆಗೆ ಕಟ್ಟೋಣ?

ಬೇ ಏರಿಯಾ ಭಟ್ಟ

ಸ್ವಲ್ಪ ತಡೀರಿ. ಎಲ್ಲರೂ 1990ನ್ನೇ ಹಿಡಿದು ಕೂತರೆ ಹೇಗೆ? 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೆಹ್‌ಮನ್ ಬ್ಯಾಂಕ್ ಮುಳುಗಿತು. ಇಲ್ಲಿ ನಮ್ಮ ಬೀದಿಯಲ್ಲೇ ಮೂರು ಮನೆ ಬ್ಯಾಂಕಿನ ಪಾಲಾದವು. ಅದರ ಮಧ್ಯೆ, 2009ರ ಮೇ ತಿಂಗಳಲ್ಲಿ, ಇಟಲಿಯ ಮರನೆಲ್ಲೊದಲ್ಲಿ 1957ರ ಫೆರಾರಿ 250 ಟೆಸ್ಟರೊಸ್ಸಾ 90 ಲಕ್ಷ ಯೂರೊ ದಾಟಿ ಹರಾಜಾಯಿತು. ಆಗ ಅದು ಹರಾಜಿನಲ್ಲಿ ವಿಶ್ವ ದಾಖಲೆ. ಆರ್ಥಿಕತೆ ನೆಲ ಕಚ್ಚಿದ್ದಾಗ! ಅಲ್ಲಿಂದ ಮುಂದೆ 2014, 15ರವರೆಗೆ ಏರಿದ್ದೇ ಏರಿದ್ದು. 2018ರಲ್ಲಿ ಇಲ್ಲೇ ಮಾಂಟೆರೆಯಲ್ಲಿ ಒಂದು ಜಿಟಿಒ 4 ಕೋಟಿ 84 ಲಕ್ಷ ಡಾಲರ್. 2022ರಲ್ಲಿ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ 13 ಕೋಟಿ 50 ಲಕ್ಷ ಯೂರೊ. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು?

ಲೆಕ್ಕದ ಪುಸ್ತಕ (ಲೀಡ್ಸ್)

ಭಟ್ಟರೇ, ನೀವು ಕೊಟ್ಟ ಉದಾಹರಣೆಯೇ ನನ್ನ ಮಾತಿಗೆ ಸಾಕ್ಷಿ. 2009ರ ಮಾರ್ಚ್‌ನಲ್ಲಿ ಇಲ್ಲಿ ಬಡ್ಡಿ ಎಷ್ಟಿತ್ತು? ಶೇ. 0.5. ಬ್ಯಾಂಕಿನಲ್ಲಿಟ್ಟರೆ ಏನೂ ಹುಟ್ಟಲ್ಲ ಅಂತಾದಾಗ ದುಡ್ಡಿರುವವನು ಚಿತ್ರ, ಕಾರು, ವೈನ್ ಕೊಳ್ಳುತ್ತಾನೆ. 1990ರಲ್ಲೂ ಆರ್ಥಿಕ ಹಿಂಜರಿತ, 2009ರಲ್ಲೂ ಹಿಂಜರಿತ. ಒಂದರಲ್ಲಿ ಕಾರು ಬಿತ್ತು, ಇನ್ನೊಂದರಲ್ಲಿ ಎದ್ದಿತು. ಎರಡಕ್ಕೂ ವ್ಯತ್ಯಾಸ ಬಡ್ಡಿ.

ಇತ್ತೀಚಿನ ಕಥೆ ನೋಡಿ. 2021ರ ಡಿಸೆಂಬರ್ ಆರಂಭದವರೆಗೆ ಇಲ್ಲಿ ಶೇ. 0.1 ಇದ್ದದ್ದು 2023ರ ಆಗಸ್ಟ್‌ಗೆ ಶೇ. 5.25 ಆಯಿತು. ಆ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಇನ್ನೊಂದು ಜಿಟಿಒ ಹರಾಜಿಗೆ ಬಂತು. 6 ಕೋಟಿ ಡಾಲರ್ ದಾಟುತ್ತದೆ ಅಂದುಕೊಂಡಿದ್ದರು, ನಿಂತದ್ದು 5 ಕೋಟಿ 17 ಲಕ್ಷಕ್ಕೆ. ಬಡವನಿಗೆ ಅದೇನೂ ಕಮ್ಮಿ ಅಲ್ಲ ಬಿಡಿ! ಆದರೆ ಗಾಳಿ ಯಾವ ಕಡೆ ಬೀಸುತ್ತಿತ್ತು ಅಂತ ತಿಳಿಯುತ್ತದೆ.

ಇನ್ನೊಂದು ಮಾತು. ಜಿಟಿಒ ಇಟ್ಟುಕೊಂಡವನಿಗೆ ಸಂಬಳ ನಿಂತಿತು ಅಂತ ಅದನ್ನು ಮಾರುವ ಗತಿ ಬರುವುದಿಲ್ಲ. ಮಾರುವವರೇ ಇಲ್ಲದಿದ್ದರೆ ಬೆಲೆ ಹೇಗೆ ಬೀಳುತ್ತೆ? ನಮ್ಮಂಥವರ ಕಾರು ಹಾಗಲ್ಲ. ಕೆಲಸ ಹೋಗುತ್ತದೆ, ಛಾವಣಿ ಸೋರುತ್ತದೆ, ಮಗಳ ಕಾಲೇಜು ಫೀಸು ಬರುತ್ತದೆ. ನನ್ನ ಹಾಗೇ ಇನ್ನೂ ಸಾವಿರ ಜನಕ್ಕೆ ಅದೇ ವರ್ಷ ಅದೇ ತೊಂದರೆ ಬರುತ್ತದೆ. ಇ-ಟೈಪ್ ಎಷ್ಟು ತಯಾರಾದವು ಗೊತ್ತಾ? 72 ಸಾವಿರಕ್ಕೂ ಮೇಲೆ. ಅಪರೂಪದ ಕಾರು ಅಂತ ಅದನ್ನು ಕರೆಯಲು ಬಾಯಿ ಬರಲ್ಲ.

ಹಳೇಗೇರು ಅವರಿಗೆ ನನ್ನ ಪ್ರಶ್ನೆ ಒಂದೇ: ನಾಳೆ ಮತ್ತೆ ಕೆಲಸ ಹೋಗಿ ಒಂದು ವರ್ಷ ಮನೆಯಲ್ಲಿ ಕೂತರೂ ಆ ಕಾರು ಮಾರದೆ ಇರಬಲ್ಲಿರಾ?

ಸ್ಟುಟ್‌ಗಾರ್ಟ್ ಸುಮಾ

ನಮ್ಮ ಮನೆಯವರ ಹತ್ತಿರ ಏರ್ ಕೂಲ್ಡ್ ಪೋರ್ಶ 911 ಇದೆ, 1983ರದ್ದು. 2012ರಲ್ಲಿ ಕೊಂಡಾಗ ನಮ್ಮತ್ತೆ ಊರಿಂದ ಫೋನ್ ಮಾಡಿ, "ಹೊಸಾದು ಕೊಳ್ಳೋಕೆ ದುಡ್ಡಿರ್ಲಿಲ್ವಾ?" ಅಂತ ಕೇಳಿದ್ದರು. ಎರಡೇ ವರ್ಷದಲ್ಲಿ ಅದರ ಬೆಲೆ ಎಲ್ಲಿಗೋ ಹೋಯಿತು. ನಮ್ಮವರು ಮಾರಲಿಲ್ಲ. ಆಮೇಲೆ ಇಳಿಯಿತು. ಆಗಲೂ ಮಾರಲಿಲ್ಲ. ನಮ್ಮ ಪಾಲಿಗೆ ಆ ಲಾಭ ನಷ್ಟ ಎರಡೂ ಪೇಪರಿನಲ್ಲಿ ಓದಿದ ಸುದ್ದಿ ಅಷ್ಟೇ.

ಇಲ್ಲಿ 30 ವರ್ಷ ದಾಟಿದ ಕಾರಿಗೆ ನಂಬರ್ ಪ್ಲೇಟಿನ ಕೊನೆಗೆ ಎಚ್ ಅಕ್ಷರ ಸಿಗುತ್ತದೆ. ರಸ್ತೆ ತೆರಿಗೆ ವರ್ಷಕ್ಕೆ 191 ಯೂರೊ ಚಿಲ್ಲರೆ, ಎಂಜಿನ್ ಎಷ್ಟೇ ದೊಡ್ಡದಿರಲಿ. ಆದರೆ ಮೂಲ ರೂಪ ಕೆಡಿಸಿದ್ದರೆ ಆ ಅಕ್ಷರ ಕೊಡುವುದಿಲ್ಲ.

ಕಾಲ ಕೆಟ್ಟಾಗ ಏನಾಗುತ್ತದೆ ಅಂತ ನಾನು ಕಂಡದ್ದು ಇಷ್ಟು. ಒಳ್ಳೆ ಕಾರು, ದಾಖಲೆ ಎಲ್ಲ ಇರುವುದು, ಹುಟ್ಟಿದಾಗಿನ ಎಂಜಿನ್ನೇ ಇರುವುದು ನಿಧಾನಕ್ಕೆ ಮಾರಾಟವಾಗುತ್ತದೆ, ಆದರೆ ಆಗುತ್ತದೆ. ಬಣ್ಣ ಹೊಡೆದು ಮಿನುಗಿಸಿದ ಸಾಧಾರಣ ಕಾರನ್ನು ಮುಟ್ಟುವವರೇ ಇಲ್ಲ. ಒಳ್ಳೆ ಕಾಲದಲ್ಲಿ ಎರಡಕ್ಕೂ ನಡುವೆ ಇರುವ ಅಂತರ ಕಮ್ಮಿ. ಕೆಟ್ಟ ಕಾಲ ಬಂದಾಗ ಬಾವಿಯಷ್ಟು ಆಳವಾಗುತ್ತದೆ.

ಯಾದವಗಿರಿ ರೋಡ್‌ಕಿಂಗ್ (ಮೈಸೂರು)

ಫೆರಾರಿ, ಪೋರ್ಶ ನಮಗೆ ಗೊತ್ತಿಲ್ಲ ಸಾರ್. ನಮ್ಮೂರಿನ ಕಥೆ ಹೇಳ್ತೀನಿ.

ನಮ್ಮ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಮ್ಮ ತಂದೆ ಅಲ್ಲಿ ಫಿಟ್ಟರ್. ಆಗ ಯೆಜ್ಡಿ ರೋಡ್‌ಕಿಂಗ್ ಕೇಳುವವರೇ ಇರಲಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಗುಜರಿಗೆ ತೂಕಕ್ಕೆ ಹಾಕಿದ್ದನ್ನು ನಾನೇ ನೋಡಿದ್ದೇನೆ. ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಕೂಡ ನಿಂತಿತು. ಈಗ ಎರಡಕ್ಕೂ ಹೇಳೋ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಯಾಕೆ? ಆಗ ಕಾಲೇಜಿನ ಗೇಟ್ ಹತ್ತಿರ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹುಡುಗರಿಗೆ ಈಗ 45, 50 ವಯಸ್ಸು. ಕೈಯಲ್ಲಿ ದುಡ್ಡಿದೆ.

ಹಾಗಾದರೆ ಇನ್ನು 20 ವರ್ಷ ಬಿಟ್ಟು ಯಾರು ಕೊಳ್ಳುತ್ತಾರೆ? ನನ್ನ ಮಗನಿಗೆ ಯೆಜ್ಡಿ ಕಿಕ್ ಹೊಡೆಯೋಕೂ ಬರಲ್ಲ. ಅವನ ಮೊಬೈಲ್ ತುಂಬ ನಿಸಾನ್ ಸ್ಕೈಲೈನ್.

ಬೇ ಏರಿಯಾ ಭಟ್ಟ

ರೋಡ್‌ಕಿಂಗ್ ಅವರು ಸರಿಯಾದ ಜಾಗಕ್ಕೆ ಕೈ ಇಟ್ಟರು. ಇಲ್ಲಿ 25 ವರ್ಷ ತುಂಬಿದ ಮೇಲೆ ಮಾತ್ರ ಬೇರೆ ದೇಶದ ಕಾರನ್ನು ಸುಲಭವಾಗಿ ತರಬಹುದು. 1999ರ ಸ್ಕೈಲೈನ್ ಜಿಟಿ-ಆರ್ ಆರ್34ಗೆ 2024ರಲ್ಲಿ 25 ತುಂಬಿತು. ನಮ್ಮ ಆಫೀಸಿನ ಹುಡುಗರು ದಿನ ಎಣಿಸುತ್ತಿದ್ದರು. ಇ-ಟೈಪ್ ಅಂದರೆ "ಅಜ್ಜನ ಕಾರು" ಅಂತಾರೆ. ನನಗೇ ಒಂಥರಾ ಆಯಿತು.

ಕಾಂಟೆಸಾ ಕುಮಾರ್ (ಬಸವನಗುಡಿ)

ಕಾರನ್ನು ಊರಿಗೆ ತರುವ ಆಲೋಚನೆ ಏನಾದರೂ ಇದ್ದರೆ ಈಗಲೇ ಬಿಟ್ಟುಬಿಡಿ ಸಾರ್. ಮೊದಲು 1950ಕ್ಕಿಂತ ಹಿಂದಿನ ಕಾರು ಮಾತ್ರ ಬಿಡುತ್ತಿದ್ದರು. 2025ರಲ್ಲಿ ನಿಯಮ ಸಡಿಲವಾಗಿ, 50 ವರ್ಷ ದಾಟಿದ್ದನ್ನು ಸ್ವಂತಕ್ಕೆ ತರಬಹುದು ಅಂತಾಗಿದೆ. ಆದರೆ ಸುಂಕ ಸೇರಿಸಿದರೆ ಕಾರಿನ ಬೆಲೆಗಿಂತ ಸುಂಕವೇ ದೊಡ್ಡದು. ವಿಂಟೇಜ್ ಅಂತ ವಿಎ ನಂಬರ್ ಮಾಡಿಸಲು 20 ಸಾವಿರ ರೂಪಾಯಿ. ಆ ನಂಬರ್ ಹಾಕಿಸಿದರೆ ದಿನಾ ಓಡಿಸುವಂತಿಲ್ಲ. ಮೆರವಣಿಗೆ, ಪ್ರದರ್ಶನ, ರ‍್ಯಾಲಿಗೆ ಸರಿ.

ಅದರ ಮೇಲೆ ಈಗ ಬಂಕ್‌ನಲ್ಲಿ ಸಿಗೋದು ಎಥನಾಲ್ ಶೇ. 20 ಬೆರೆಸಿದ ಪೆಟ್ರೋಲ್. ನನ್ನ ಕಾಂಟೆಸಾದ ರಬ್ಬರ್ ಪೈಪು ಎರಡು ಸಲ ಮೆತ್ತಗಾಗಿ ಬದಲಾಯಿಸಿದ್ದಾಯಿತು.

ಹಳೇಗೇರು (ಬ್ರಿಸ್ಟಲ್)

ಇಲ್ಲ ಇಲ್ಲ, ತರುವ ಯೋಚನೆ ಇಲ್ಲ. ಇಲ್ಲೂ ಶೇ. 10ರ ಪೆಟ್ರೋಲ್ ಬಂದಿದೆ. ಹಳೇ ಕಾರಿನವರು ದುಬಾರಿ ಸೂಪರ್ ಹಾಕಿಸುತ್ತಾರೆ. ಕಾಕಾ, ಖರ್ಚು ಎಷ್ಟು ಬರಬಹುದು? ನಿಜ ಹೇಳಿ.

ಕಾರ್ಬುರೇಟರ್ ಕಾಕಾ (ಕವೆಂಟ್ರಿ)

ನಿಜ ಹೇಳಿದರೆ ನಿಮ್ಮ ಮನೆಯವರ ಪಕ್ಷ ಸೇರಿದ ಹಾಗಾಗುತ್ತದೆ. ಇರಲಿ.

ಒಳ್ಳೇದು ಮೊದಲು. 40 ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆ ಇಲ್ಲ, ವರ್ಷದ ಎಂಒಟಿ ತಪಾಸಣೆ ಕಡ್ಡಾಯ ಅಲ್ಲ. ನಾನಾದರೂ ಮಾಡಿಸುತ್ತೇನೆ, ನನ್ನ ಜೀವ ನನಗೆ ಮುಖ್ಯ. ಮಾರಿದಾಗ ಲಾಭ ಬಂದರೆ ಸ್ವಂತ ಬಳಕೆಯ ಕಾರಿಗೆ ಬಂಡವಾಳ ಲಾಭದ ತೆರಿಗೆ ಇಲ್ಲ. ಅಂಗಡಿಯವರು ಇದನ್ನು ದೊಡ್ಡದಾಗಿ ಹೇಳುತ್ತಾರೆ. ಲಾಭ ಬಂದರೆ ತಾನೆ? ಭಾಗಗಳೂ ಸಿಗುತ್ತವೆ, ಇಡೀ ಬಾನೆಟ್ ಬೇಕಾದರೂ ಹೊಸದಾಗಿ ಮಾಡಿಕೊಡುತ್ತಾರೆ. ಆದರೆ ಆ ಬಾನೆಟ್‌ನ ಬೆಲೆಗೆ ಒಂದು ಸಣ್ಣ ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ.

ಈಗ ಕೆಟ್ಟದ್ದು. ಇ-ಟೈಪ್‌ನ ಹಿಂದಿನ ಬ್ರೇಕ್ ಡಿಸ್ಕ್ ಚಕ್ರದ ಹತ್ತಿರ ಇಲ್ಲ, ನಡುವೆ ಡಿಫರೆನ್ಶಿಯಲ್‌ಗೆ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆಗೆ) ಅಂಟಿಕೊಂಡಿದೆ. ಅದನ್ನು ಬದಲಾಯಿಸಬೇಕು ಅಂದರೆ ಹಿಂದಿನ ಸಸ್ಪೆನ್ಶನ್ ಇಡಿಯಾಗಿ ಕೆಳಗಿಳಿಸಬೇಕು. ಡಿಸ್ಕ್ ಅಗ್ಗ, ಕೂಲಿ ದುಬಾರಿ. ಮೂರು ಕಾರ್ಬುರೇಟರ್ ಒಂದಕ್ಕೊಂದು ಹೊಂದಿಸಬೇಕು. ನನಗೆ ಅದು ಭಾನುವಾರದ ಸುಖ, ನಿಮಗೆ ಹೇಗೋ. ಎಲ್ಲಕ್ಕಿಂತ ದೊಡ್ಡ ಶತ್ರು ತುಕ್ಕು. ಈ ಕಾರಿಗೆ ಪೂರ್ತಿ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಸಿಲ್, ನೆಲದ ತಗಡು ಕೊಳೆತಿದ್ದರೆ ಬೆನ್ನುಮೂಳೆ ಮುರಿದ ಹಾಗೆ. ಪ್ಯಾಂಟು ಕೊಳೆಯಾದರೂ ಪರವಾಗಿಲ್ಲ, ಕೆಳಗೆ ಮಲಗಿ ನೋಡಿ. ಒಂದು ಮ್ಯಾಗ್ನೆಟ್ ಬಟ್ಟೆಯಲ್ಲಿ ಸುತ್ತಿ ಇಟ್ಟು ನೋಡಿ. ಅಂಟಲಿಲ್ಲ ಅಂದರೆ ಒಳಗೆ ತಗಡಿಲ್ಲ, ಪುಟ್ಟಿ ಇದೆ.

ನಾನು ಒಂದು ಸಲ ಮೋಸ ಹೋಗಿದ್ದೇನೆ. "ಪೂರ್ತಿ ಟಿಂಕರಿಂಗ್ ಆಗಿದೆ" ಅಂದ ಒಬ್ಬ ವ್ಯಾಪಾರಿಯ ಮಾತು ಕೇಳಿ ಎಂಜಿಬಿ ಅನ್ನುವ ಹಳೇ ಕಾರೊಂದು ತಂದೆ. ಮೊದಲ ಮಳೆಗಾಲಕ್ಕೆ, ಅಂದರೆ ಇಲ್ಲಿ ಮರುದಿನವೇ, ಕಾಲ ಕೆಳಗೆ ನೀರು. ಎರಡು ವರ್ಷದಲ್ಲಿ ಕಾರಿಗೆ ಕೊಟ್ಟಷ್ಟೇ ದುಡ್ಡು ವೆಲ್ಡಿಂಗಿಗೆ ಹೋಯಿತು. ಮಾರಿದಾಗ ಕೊಂಡ ಬೆಲೆಯೇ ಬಂತು. ಬೆಲೆ ಉಳಿಯಿತು ಅಂತ ಹೇಳಿಕೊಳ್ಳಬಹುದು ನಾನು!

ಕೊನೆಗೊಂದು ಮಾತು. ಈ ಕೂಪೆ ಬಿಟ್ಟು ಇ-ಟೈಪ್‌ನಲ್ಲೇ 2+2 ನೋಡಿ. 1966ರಿಂದ ಬಂತು, ಹಿಂದೆ ಎರಡು ಪುಟ್ಟ ಸೀಟು. ಅದಕ್ಕಾಗಿ ಚಾವಣಿ ಎತ್ತರಿಸಿ ಉದ್ದ ಮಾಡಿದ್ದರಿಂದ ಚಂದ ಸ್ವಲ್ಪ ಕೆಟ್ಟಿದೆ ಅಂತ ಜನ ಮೂಗು ಮುರಿಯುತ್ತಾರೆ. ಅದಕ್ಕೇ ಅಗ್ಗ.

ಸ್ಟುಟ್‌ಗಾರ್ಟ್ ಸುಮಾ

ಸೈಟ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ನಾವು 2010ರಲ್ಲಿ ಊರಲ್ಲಿ ಒಂದು ಸೈಟ್ ಕೊಂಡೆವು. ಕಾಂಪೌಂಡ್ ಹಾಕಿಸಿರಲಿಲ್ಲ. ಪಕ್ಕದವರು ನಮ್ಮ ಜಾಗದಲ್ಲಿ ನಾಲ್ಕು ಅಡಿ ಸೇರಿಸಿಕೊಂಡು ದನದ ಕೊಟ್ಟಿಗೆ ಕಟ್ಟಿದರು. ರಜೆಗೆ ಹೋದಾಗಲೆಲ್ಲ ಅದೇ ಪಂಚಾಯಿತಿ. ಬೆಲೆ ಏರಿದೆ, ಸುಳ್ಳು ಹೇಳಲ್ಲ. ಆದರೆ ಸೈಟ್‌ಗೆ ಸರ್ವಿಸ್ ಖರ್ಚಿಲ್ಲ ಅನ್ನುವವರು ದೂರದಲ್ಲಿ ಕೂತು ಸೈಟ್ ಇಟ್ಟುಕೊಂಡವರಲ್ಲ.

ಲೆಕ್ಕದ ಪುಸ್ತಕ (ಲೀಡ್ಸ್)

ಸುಮಾ ಅವರೇ, ಕೊಟ್ಟಿಗೆ ಇದ್ದರೂ ನಿಮ್ಮ ಸೈಟ್ ತುಕ್ಕು ಹಿಡಿಯುತ್ತಿಲ್ಲ :)

ಹಳೇಗೇರು ಅವರೇ, ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಹಳೇಗೇರು (ಬ್ರಿಸ್ಟಲ್)

ಕೊಡುತ್ತೇನೆ. ಶನಿವಾರ ಇಬ್ಬರೂ ಹೋಗಿ ಕಾರು ನೋಡಿ ಬಂದೆವು.

ಮಾರುತ್ತಿರುವವರು ಅಂಗಡಿಯವರಲ್ಲ, 71 ವರ್ಷದ ಒಬ್ಬ ನಿವೃತ್ತ ಮೇಷ್ಟ್ರು. ಟೀ ಕೊಟ್ಟು ಒಂದು ಫೈಲ್ ತಂದಿಟ್ಟರು. ಮೊದಲ ಹಾಳೆಯೇ ಕೊಂಡ ರಸೀದಿ. ತಾರೀಖು ನೋಡಿ ನಗು ಬಂತು, ನೀವೆಲ್ಲ ಹೇಳಿದ್ದೇ ಸಮಯ: 1989ರ ನವೆಂಬರ್. 38 ಸಾವಿರ ಪೌಂಡ್. ಅದರಲ್ಲಿ 25 ಸಾವಿರ ಬ್ಯಾಂಕ್ ಸಾಲ. "ಎರಡು ವರ್ಷ ಇಟ್ಟುಕೊಂಡು ಮಾರಿ, ಬಂದ ಲಾಭದಲ್ಲಿ ಅಡುಗೆಮನೆ ಕಟ್ಟಿಸಬೇಕು ಅಂತಿದ್ದೆ" ಅಂದರು. 1992ರಲ್ಲಿ ಒಬ್ಬ ಬಂದು 15 ಸಾವಿರ ಕೊಡುತ್ತೇನೆ ಅಂದನಂತೆ. ಮಾರಿದರೆ ಸಾಲವೂ ತೀರುತ್ತಿರಲಿಲ್ಲ, ಅದಕ್ಕೇ ಮಾರಲಿಲ್ಲ. ಸಾಲ ತೀರಿಸಲು ಒಂಬತ್ತು ವರ್ಷ ಸಂಜೆ ಪಾಠ ಹೇಳಿದೆ ಅಂದರು. ಅವರ ಹೆಂಡತಿ ಒಳಗಿಂದಲೇ, "ಅಡುಗೆಮನೆ ಇನ್ನೂ ಹಳೇದೇ" ಅಂತ ಕೂಗಿದರು.

ರಾತ್ರಿ ಬಂದು ಲೆಕ್ಕ ಹಾಕಿದೆ. ಆಗಿನ 38 ಸಾವಿರಕ್ಕೆ ಹಣದುಬ್ಬರ ಸೇರಿಸಿದರೆ ಈಗ 95 ಸಾವಿರಕ್ಕೂ ಮೇಲಾಗುತ್ತದೆ. ಅವರು ಕೇಳುತ್ತಿರುವುದು 58.

ಮ್ಯಾಗ್ನೆಟ್ ಎಲ್ಲ ಕಡೆ ಅಂಟಿತು ಕಾಕಾ, ಎಡಗಡೆಯ ಸಿಲ್‌ನ ಹಿಂದಿನ ತುದಿ ಒಂದು ಬಿಟ್ಟು. ಎಂಜಿನ್ ನಂಬರ್ ದಾಖಲೆಗೆ ತಾಳೆಯಾಗುತ್ತದೆ. ಪ್ಯಾಂಟು ಪೂರ್ತಿ ಹಾಳು.

ಲೆಕ್ಕದವರಿಗೆ ಉತ್ತರ: ಸಾಲ ಮಾಡುವುದಿಲ್ಲ, ಆದರೆ ಒಂದು ವರ್ಷ ಕೆಲಸ ಇಲ್ಲದಿದ್ದರೆ ಮಾರಲೇಬೇಕಾಗುತ್ತದೆ. ಇದನ್ನು ಬರೆಯಲು ಮೂರು ದಿನ ಬೇಕಾಯಿತು. ಅದಕ್ಕೇ 58 ಸಾವಿರ ಹಾಕುವುದಿಲ್ಲ ಅಂತ ತೀರ್ಮಾನ ಮಾಡಿ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ. "ವಸಂತದವರೆಗೆ ಯಾರೂ ಬರಲ್ಲ, ಸುಮ್ನೆ ಓಡಿಸೋಕೆ ಬಾ" ಅಂದರು.

ಒಂದು ವಿಷಯ ಬಿಟ್ಟಿದ್ದೆ. ಅವತ್ತು ನನ್ನ ಹೆಂಡತಿ ಆ ಕಾರಿನಲ್ಲಿ ಕೂತು, ಬಾನೆಟ್ ಉದ್ದಕ್ಕೂ ಕಣ್ಣು ಹಾಯಿಸಿ, ಹಿಂದೆ ತಿರುಗಿ ನೋಡಿ, "ಅಮ್ಮ ಬಂದರೆ ಎಲ್ಲಿ ಕೂರುತ್ತಾರೆ?" ಅಂದಳು. ನಿನ್ನೆ ರಾತ್ರಿ ಅವಳೇ ಮೊಬೈಲ್ ಹಿಡಿದು ಕೂತಿದ್ದಳು. ಇಣುಕಿ ನೋಡಿದೆ. ಸೈಟ್ ಹುಡುಕುತ್ತಿರಲಿಲ್ಲ. ಕಾಕಾ, ಆ 2+2ಗೆ ಎಷ್ಟಾಗಬಹುದು?